ಸೀರೆಯಂಚನ್ನೇ ನೋಡುತ್ತಿದ್ದ ಲೆನ್ಸು

ನನ್ನ ಕ್ಯಾಮೆರಾ ಚೀಲದಿಂದ ನುಸಿಗುಳಿಗೆಯ ವಾಸನೆ ಬರುತ್ತದೆ. ಇದನ್ನು ಮುಚ್ಚಿಡಲು ಸಾಧ್ಯವಿಲ್ಲ. ದೇವನಹಳ್ಳಿಯ ನಮ್ಮ ಪತ್ರಿಕಾ ಕಚೇರಿ ಎಂದರೆ ಒಂದೇ ಕೋಣೆ, ಅದರಲ್ಲಿ ಎದುರುಬದುರಾಗಿ ಎರಡು ಮೇಜು, ಎದುರಿನ ಮೇಜಿನಲ್ಲಿ ಕೂರುವ ವರದಿಗಾರ್ತಿ ಸುಮಾಳ ಮೂಗು ಬಲು ಚುರುಕು. ನಾನು ಚೀಲದ ಜಿಪ್ ಎಳೆದ ಕೂಡಲೇ ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಾಳೆ.

"ಸಾರ್, ನಿಮ್ ಬ್ಯಾಗ್ ತೆಗುದ್ರೆ ನಮ್ಮಜ್ಜಿ ಬೀರು ಬಾಗ್ಲು ತೆಗ್ದಂಗಾಗತ್ತೆ. ಒಳ್ಗಿರೋದು ಕ್ಯಾಮೆರಾನೋ, ಧಾರೆ ಸೀರೆನೋ?"

ಪ್ರಶ್ನೆ ಪೂರ್ತಿ ತಪ್ಪಲ್ಲ. ಚೀಲದಲ್ಲಿ ಇರುವುದು ಇತ್ತೀಚೆಗೆ ಕೊಂಡ ಡಿಜಿಟಲ್ ಕ್ಯಾಮೆರಾ. ಅದರ ಪಕ್ಕದಲ್ಲಿ, ತೆಳು ಮಲ್ಲಿನ ಬಟ್ಟೆಯಲ್ಲಿ ಸುತ್ತಿಟ್ಟ ಫಿಲ್ಮ್ ಕಾಲದ ಒಂದು ಲೆನ್ಸು. ಹಿತ್ತಾಳೆ, ಕಬ್ಬಿಣ, ಗಾಜು ಸೇರಿ ಒಳ್ಳೆಯ ತೂಕದ್ದು. ಅದು ಬಹುಕಾಲ ದೊಡ್ಡಬಳ್ಳಾಪುರದ ಒಂದು ಬೀರುವಿನಲ್ಲಿ, ರಟ್ಟಿನ ಸೀರೆ ಡಬ್ಬಿಯೊಳಗೆ, ನುಸಿಗುಳಿಗೆಗಳ ಸಹವಾಸದಲ್ಲಿ ಮಲಗಿತ್ತು. ಅಲ್ಲಿಂದ ನನ್ನ ಚೀಲಕ್ಕೆ ಬಂದರೂ ಸಹವಾಸದ ಗುಣ ಬಿಟ್ಟಿಲ್ಲ.

ಲೆನ್ಸು ನನ್ನ ಸೋದರಮಾವನದು. ಮಾವನಿಗೆ ಮನೆಯ ಹಿಂಭಾಗದಲ್ಲಿ ಸೀರೆ ನೇಯುವ ವಿದ್ಯುತ್ ಮಗ್ಗಗಳಿದ್ದವು. ಈಗಲೂ ಇವೆ, ಮಗ ಮಂಜ ನೋಡಿಕೊಳ್ಳುತ್ತಾನೆ. ಮಾವ ಕ್ಯಾಮೆರಾ ಕೊಂಡದ್ದು ಕಲೆಗಾಗಿ ಅಲ್ಲ. ಹೊಸ ವಿನ್ಯಾಸದ ಸೀರೆ ಮಗ್ಗದಿಂದ ಇಳಿದಾಗ ಅದನ್ನು ಹೊತ್ತುಕೊಂಡು ಚಿಕ್ಕಪೇಟೆಯ ಅಂಗಡಿ ಅಂಗಡಿ ಸುತ್ತುವ ಬದಲು ಅಂಚಿನ ಮತ್ತು ಸೆರಗಿನ ಫೋಟೋ ತೋರಿಸಿದರೆ ಸಾಕು ಎಂದು ಯಾರೋ ಹೇಳಿದ್ದರು. ಆ ಕ್ಯಾಮೆರಾದ ಕೆಲಸ ಸೀರೆ ನೋಡುವುದು. ಮನುಷ್ಯರ ಸರದಿ ಬರುತ್ತಿದ್ದದ್ದು ರೀಲಿನ ಕೊನೆಯಲ್ಲಿ ಒಂದಿಷ್ಟು ಫೋಟೋ ಮಿಕ್ಕಿದಾಗ. ನಮ್ಮ ಇಡೀ ವಂಶದ ಚಿತ್ರಗಳು ಹೀಗೆ ಸೀರೆಗಳಿಗೆ ಸಾಕಾಗಿ ಮಿಕ್ಕ ಫಿಲ್ಮಿನ ಮೇಲೆ ಮೂಡಿದಂಥವು.

ಇಲ್ಲಿ ನಿಮಗೆ ಆ ಕಾಲದ ಕ್ಯಾಮೆರಾದ ಒಂದು ಗುಣ ಹೇಳಬೇಕು. ಅದರಲ್ಲಿ ಕಣ್ಣಿಟ್ಟು ನೋಡಿದರೆ ನಡುವೆ ಒಂದು ಪುಟ್ಟ ವೃತ್ತ. ವೃತ್ತ ಅಡ್ಡಡ್ಡ ಎರಡು ಹೋಳು. ಎದುರಿಗಿರುವ ಗೆರೆಯೊಂದು ಆ ಹೋಳುಗಳಲ್ಲಿ ತುಂಡಾಗಿ ಕಾಣುತ್ತದೆ. ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸುತ್ತ ಹೋದರೆ ಎರಡು ತುಂಡು ಕೂಡಿಕೊಳ್ಳುತ್ತವೆ. ಕೂಡಿದರೆ ಫೋಕಸ್ ಆಯಿತು ಎಂದರ್ಥ. ಹಾಗಾಗಿ ಅದಕ್ಕೆ ಗೆರೆ ಬೇಕು. ಮಾವನಿಗೆ ಸಿಗುತ್ತಿದ್ದ ಅತ್ಯುತ್ತಮ ಗೆರೆ ಸೀರೆಯ ಜರಿಯಂಚು. ಕುಳಿತ ಹೆಂಗಸಿನ ಮಡಿಲ ಮೇಲೆ ಅದು ನೆಟ್ಟಗೆ, ಹೊಳೆಯುತ್ತ ಬಿದ್ದಿರುತ್ತಿತ್ತು.

"ಹಂಗೇ ಇರ್ರಿ, ಗೆರೆ ಕೂಡ್ಲಿ," ಎನ್ನುತ್ತಿದ್ದರು ಮಾವ. ನಾವು ಹಂಗೇ ಇರುತ್ತಿದ್ದೆವು. ನಗು ಒಣಗುತ್ತಿತ್ತು, ಹೊಟ್ಟೆ ಒಳಗೆಳೆದುಕೊಂಡವರು ಉಸಿರು ಬಿಡುತ್ತಿದ್ದರು, ಮಕ್ಕಳು ಮೂಗಿಗೆ ಬೆರಳಿಡುತ್ತಿದ್ದರು. ಆಗ ಕ್ಲಿಕ್.

ಫಲಿತಾಂಶ ನೀವು ಊಹಿಸಿರುತ್ತೀರಿ. ಅಂಚು ಸೂಜಿಮೊನೆಯಷ್ಟು ಸ್ಪಷ್ಟ. ಅದರಿಂದ ಒಂದು ಮೊಳ ಹಿಂದಿರುವ ಮುಖ ಮಂಜಿನಲ್ಲಿ. ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು ಕಿರಿದು ಮಾಡಿದರೆ ಮುಖವೂ ಅಂಚೂ ಎರಡೂ ಚೆನ್ನಾಗಿ ಬರುತ್ತವೆ, ನಿಜ. ಆದರೆ ಮಾವನ ಲೆನ್ಸಿನಲ್ಲಿ ಆ ಸೌಲಭ್ಯ ಬಹಳ ಹಿಂದೆಯೇ ಹೋಗಿತ್ತು. ಉಂಗುರ ಬಿಗಿಯಾಗಿದೆ ಎಂದು ಅವರು ಒಂದು ದಿನ ಅದಕ್ಕೆ ಮಗ್ಗಕ್ಕೆ ಬಿಡುವ ಎಣ್ಣೆಯನ್ನೇ ಬಿಟ್ಟರು. ಉಂಗುರ ಬೆಣ್ಣೆಯಂತಾಯಿತು. ಎಣ್ಣೆ ಒಳಗಿಳಿದು ಕಂಡಿಯ ತೆಳು ತಗಡುಗಳಿಗೆ ಹತ್ತಿ, ಅವು ಪೂರ್ತಿ ತೆರೆದಲ್ಲೇ ಅಂಟಿಕೊಂಡವು. ರಿಪೇರಿಗೆ ಕೊಡಿ ಎಂದರೆ ಮಾವ, "ಬೆಳಕು ಜಾಸ್ತಿ ಬರ್ತದೆ, ಒಳ್ಳೇದೇ ಆಯ್ತು ಬಿಡು," ಎಂದರು.

ಅತ್ತೆ, ಎಂದರೆ ಮಾವನ ಹೆಂಡತಿ, ಒಮ್ಮೆ ಕೇಳಿಯೇ ಬಿಟ್ಟಿದ್ದರು. "ರೀ, ಆ ಗೆರೆನ ನನ್ ಮೂಗಿನ್ ಮೇಲ್ ಕೂಡ್ಸಿ, ಒಂದ್ ಸಲನಾದ್ರೂ."

"ನಿನ್ ಮೂಗಲ್ಲಿ ಗೆರೆ ಎಲ್ಲೈತೇ? ದುಂಡಗೈತೆ."

ಅಲ್ಲಿಗೆ ಮುಗಿಯಿತು. ಆ ಮೂಗಿನ ಬಗ್ಗೆ ಅತ್ತೆ ಮತ್ತೆ ಮಾತೆತ್ತಲಿಲ್ಲ.

ಅವರ ಮಗಳು ಶೋಭಾಳ ಮದುವೆಯ ಮಾತು ಬಂದಾಗ ಗಂಡಿನ ಕಡೆಗೆ ಕಳಿಸಿದ್ದು ಇಂಥದೇ ಒಂದು ಫೋಟೋ. ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಿಂದ ಗಂಡಿನ ತಾಯಿ ನಾಲ್ಕು ಜನರೊಂದಿಗೆ ಬಂದರು. ಗೇಟು ತೆಗೆದದ್ದು ಶೋಭಾಳೇ, ಮನೆಯ ಚೂಡಿದಾರದಲ್ಲಿ. ಆ ತಾಯಿ ಅವಳನ್ನು ನೋಡಿ ನಕ್ಕು, "ಹುಡುಗೀನ ಕರ್ಯಮ್ಮ, ನಾವ್ ಬಂದಿದೀವಿ ಅನ್ನು," ಎಂದರು. ಶೋಭಾ ಒಳಗೆ ಹೋಗಿ ಫೋಟೋದಲ್ಲಿದ್ದ ಸೀರೆ ಉಟ್ಟು ಬಂದಳು. "ಹ್ಞಾ, ಇವ್ಳೇ ಇವ್ಳೇ!" ಎಂದರು ಆ ತಾಯಿ. ಸಂಬಂಧ ಕುದುರಿತು. ಶೋಭಾ ಇಂದಿಗೂ ಅತ್ತೆಮನೆಯಲ್ಲಿ ಜಗಳವಾದರೆ, ನೀವು ಒಪ್ಪಿದ್ದು ಸೀರೆಯನ್ನೇ ಹೊರತು ನನ್ನನ್ನಲ್ಲ ಎನ್ನುತ್ತಾಳಂತೆ.

ಇಷ್ಟನ್ನೂ ನಾನು ವರ್ಷಗಟ್ಟಲೆ ಗೇಲಿ ಮಾಡಿದವನು. ಸುದ್ದಿಮನೆಯಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಮುಖ ಕಾಣದ ಫೋಟೋ ಪುಟಕ್ಕೆ ಹೋಗುವುದಿಲ್ಲ ಎಂಬುದು. ಸನ್ಮಾನದ ಫೋಟೋದಲ್ಲಿ ಹಾರ ಸ್ವಲ್ಪ ಮೇಲೆ ಬಂದು ಗಲ್ಲ ಮುಚ್ಚಿದರೂ ಸಾಕು, ಮರುದಿನ ಬೆಳಿಗ್ಗೆ ಕಾಫಿಗೆ ಮುಂಚೆಯೇ ಸನ್ಮಾನಿತರ ಫೋನು ಬರುತ್ತದೆ. ಹೀಗೆ ಪಳಗಿದ ನಾನು ಮಾವನ ಆಲ್ಬಮ್ ತೆರೆದಾಗಲೆಲ್ಲ, "ಮಾವ, ಇದು ಯಾರು? ಹೆಸರು ಬೇಡ, ಮೀಟರಿಗೆ ಎಷ್ಟು ಅಂತ ಹೇಳಿ ಸಾಕು," ಎನ್ನುತ್ತಿದ್ದೆ. ಅವರೂ ಬಿಡುತ್ತಿರಲಿಲ್ಲ. "ನಿನ್ ಪೇಪರ್ರು ಮಾರ್ನೆ ದಿನ ಬೋಂಡಾ ಕಟ್ಟಕ್ ಹೋಯ್ತದೆ. ನನ್ ಸೀರೆ ನೋಡು, ಹಂಗೇ ಐತೆ."

ಇನ್ನೊಂದು ವಿಷಯ ಹೇಳದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ವಿದ್ಯುತ್ ಮಗ್ಗದ ಪಕ್ಕದಲ್ಲಿ ಬೆಳೆದವರಿಗೆ ಗೊತ್ತು, ಮಗ್ಗ ಓಡುವಾಗ ನೆಲ ಅದುರುತ್ತದೆ. ಗೂಡಿನಲ್ಲಿಟ್ಟ ಲೋಟ ತನ್ನಷ್ಟಕ್ಕೆ ಅಂಚಿಗೆ ನಡೆಯುತ್ತದೆ. ಗೋಡೆಯ ಕ್ಯಾಲೆಂಡರ್ ವಾಲುತ್ತದೆ. ಆ ನೆಲದ ಮೇಲೆ ನಿಂತು ತೆಗೆದ ಫೋಟೋದಲ್ಲಿ ಎಲ್ಲರೂ ಚಳಿಜ್ವರ ಬಂದವರಂತೆ ಇರುತ್ತಾರೆ. ಕರೆಂಟ್ ಇರುವಾಗ ಮಗ್ಗ ನಿಲ್ಲಿಸುವ ಮಾತೇ ಮಾವನಲ್ಲಿ ಇರಲಿಲ್ಲ. ಆದ್ದರಿಂದ ನಮ್ಮ ಮನೆಯ ಫೋಟೋಗಳೆಲ್ಲ ಕರೆಂಟ್ ಹೋದಾಗಲೇ ತೆಗೆದಂಥವು. ಹಗಲು ಹೊತ್ತಿನಲ್ಲಿ ಮಗ್ಗಗಳು ತಟ್ಟನೆ ನಿಂತು ಕಿವಿ ಗುಯ್‌ಗುಟ್ಟಿದಾಗ, ಬೇರೆ ಮನೆಗಳಲ್ಲಿ ಜನ ಬೀಸಣಿಗೆ ಹುಡುಕಿದರೆ, ನಾವು ಬಾಚಣಿಗೆ ಹುಡುಕುತ್ತಿದ್ದೆವು. "ಕರೆಂಟ್ ಹೋಯ್ತು, ಬರ್ರೋ ಫೋಟೋಗೆ!" ಎಂದು ಮಾವ ಕೂಗುವ ಹೊತ್ತಿಗೆ ಹೆಂಗಸರು ಪೌಡರ್ ಬಳಿದು ಮುಗಿಸಿರುತ್ತಿದ್ದರು.

ಶೋಭಾಳ ನಾಮಕರಣದ ದಿನ ಇಡೀ ಬಳಗ ಸೇರಿತ್ತು. ಅಂದು ಕರೆಂಟ್ ಹೋಗಲೇ ಇಲ್ಲ. ಊಟವಾಯಿತು, ಎಲೆಯಡಿಕೆಯಾಯಿತು, ಸಂಜೆಯಾಯಿತು. ಜನ ಒಬ್ಬೊಬ್ಬರಾಗಿ ತಲೆ ಎತ್ತಿ ಬಲ್ಬು ನೋಡಿ ನಿಟ್ಟುಸಿರಿಟ್ಟು ಹೊರಟರು. ಒಂದು ಗಳಿಗೆ ಮಗ್ಗ ನಿಲ್ಲಿಸಿ ಎಂದು ಅತ್ತೆ ಕೇಳಿದರೋ ಇಲ್ಲವೋ ನನಗೆ ತಿಳಿಯದು. ನಾಮಕರಣದ ಫೋಟೋ ಮಾತ್ರ ಇಲ್ಲ.

ಈಚೆಗೆ ಮಾವನ ಬಲಗಣ್ಣು ಹೋಯಿತು. ಗ್ಲಾಕೋಮ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಎಡಗಣ್ಣಿನದನ್ನು ಆದಷ್ಟು ಉಳಿಸಿಕೊಳ್ಳೋಣ ಎಂದು ಡಾಕ್ಟರು ಹೇಳಿ, ದಿನವೂ ಬಿಡಲು ಹನಿ ಕೊಟ್ಟರು. ಕ್ಯಾಮೆರಾಕ್ಕೆ ಅವರು ಇಡುತ್ತಿದ್ದದ್ದು ಬಲಗಣ್ಣನ್ನೇ. ಅವರು ಕ್ಯಾಮೆರಾ ಮುಟ್ಟುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತಾದರೂ, ಆ ಸುದ್ದಿ ಕೇಳಿದ ದಿನ ಅದನ್ನು ಡಬ್ಬಿಯಿಂದ ತೆಗೆದು ಒರೆಸಿ ಮತ್ತೆ ಒಳಗಿಟ್ಟರಂತೆ. ನಾನು ನೋಡಲು ಹೋದಾಗ ಅತ್ತೆ ಕಾಫಿ ಕೊಡುತ್ತ, ಹವಾಮಾನದ ಬಗ್ಗೆ ಹೇಳುವಂತೆ ಹೇಳಿದರು:

"ಆ ಇನ್ನೊಂದ್ ಕಣ್ಣೂ ಹೋಗೋದ್ರೊಳಗೆ ನನ್ ಮುಖ ಒಂದ್ ಸಲ ತೆಗೀರಿ ಅಂದೆ ಕಣಪ್ಪ. ಕಿವಿಗೇ ಹಾಕ್ಕೊಳಲ್ಲ."

"ಮಂಜ ದಿನಾ ಮೊಬೈಲಲ್ ತೆಗೀತಾನಲ್ಲೇ," ಎಂದರು ಮಾವ.

"ಮಂಜ ತೆಗ್ದಿದ್ದು ಯಾರ್ಗ್ ಬೇಕು? ನೀವ್ ಸೀರೆಗ್ ತೆಗ್ದಿದೀರಿ, ಸೆರಗಿಗ್ ತೆಗ್ದಿದೀರಿ. ನಾಳೆ ನಾನ್ ಹೋದ್ರೆ ಹಾರ ಯಾವ್ದಕ್ ಹಾಕ್ತೀರಾ, ಬಾರ್ಡರ್‌ಗಾ?"

ನಾನು ನಕ್ಕೆ. ಮಾವ ನಗಲಿಲ್ಲ. ಕಾಫಿ ಲೋಟವನ್ನು ಎಡಗಣ್ಣಿನ ಕಡೆಗೆ ಸರಿಸಿಕೊಂಡರು.

ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕುವ ಯೋಚನೆ ನನಗೆ ಬಂದದ್ದು ಆಗ. ನಮ್ಮ ಹೊಸ ಕ್ಯಾಮೆರಾಗಳಲ್ಲಿ ಒಂದು ಅನುಕೂಲವಿದೆ. ಹಿಂದೆ ದೊಡ್ಡ ಪರದೆ ಇರುತ್ತದೆ, ಕಣ್ಣನ್ನು ತೂತಿಗೆ ಒತ್ತಬೇಕಾಗಿಲ್ಲ. ದೂರ ಹಿಡಿದು ಯಾವ ಕಣ್ಣಿನಿಂದ ಬೇಕಾದರೂ ನೋಡಬಹುದು. ಹಳೆಯ ಲೆನ್ಸು ಅದಕ್ಕೆ ನೇರವಾಗಿ ಕೂರುವುದಿಲ್ಲ. ನಡುವೆ ಅಡಾಪ್ಟರ್ ಎಂಬ ಲೋಹದ ಉಂಗುರ ಬೇಕು. ಆನ್‌ಲೈನಿನಲ್ಲಿ ತರಿಸಿಕೊಂಡು ಒಂದು ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋದೆ. ಅತ್ತೆ ಅದನ್ನು ತಿರುಗಿಸಿ ನೋಡಿ, "ಬಳೆ ಥರ ಐತೆ, ಒಂದೇ ಒಂದ್ ತಂದಿದೀಯಲ್ಲ," ಎಂದರು.

ಜೋಡಿಸಿ ಸ್ವಿಚ್ ಹಾಕಿದರೆ ಕ್ಯಾಮೆರಾ, ಲೆನ್ಸ್ ಇಲ್ಲ ಎಂದಿತು. ಸುಳ್ಳಲ್ಲ. ಹೊಸ ಲೆನ್ಸಾದರೆ ಕ್ಯಾಮೆರಾದೊಂದಿಗೆ ಮಾತಾಡುತ್ತದೆ. ತನ್ನ ಹೆಸರು, ಅಳತೆ ಎಲ್ಲ ಹೇಳಿಕೊಳ್ಳುತ್ತದೆ. ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಅದರ ಸುತ್ತ ಚೌಕ ಬರೆದು ಫೋಕಸ್ ಮಾಡುತ್ತದೆ. ಮಾವನ ಲೆನ್ಸು ಮಾತಿಲ್ಲದ್ದು. ಎಷ್ಟು ಭಾರ ತಗುಲಿದ್ದರೂ ಕ್ಯಾಮೆರಾಕ್ಕೆ ಅದು ಇಲ್ಲದ ಹಾಗೆ. ಮೆನುವಿನ ಒಳಗೆಲ್ಲ ಹುಡುಕಿ, ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆ ಎಂಬ ಅಪ್ಪಣೆ ಕೊಡಬೇಕಾಯಿತು.

ಮೊದಲು ನಾನೇ ತೆಗೆದು ತೋರಿಸುವ ಹುರುಪು. ಆ ಬೆಳಿಗ್ಗೆ ಕರೆಂಟ್ ಹೋಗಿತ್ತು, ಮಗ್ಗದ ಮನೆ ಸುಮ್ಮನಿತ್ತು. ಅತ್ತೆ ಗಿಣಿಹಸಿರು ಸೀರೆಯುಟ್ಟು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಕೈಯಿಂದ ಫೋಕಸ್ ಮಾಡುವವರಿಗೆಂದು ಕ್ಯಾಮೆರಾದಲ್ಲಿ ಒಂದು ಸಹಾಯವಿದೆ. ಎಲ್ಲಿ ಚಿತ್ರ ಸ್ಪಷ್ಟವಾಗಿದೆಯೋ ಅಲ್ಲಿ ಪರದೆಯ ಮೇಲೆ ಕೆಂಪು ಗೆರೆ ಮಿನುಗುತ್ತದೆ. ನಾನು ಉಂಗುರ ತಿರುಗಿಸಿದೆ, ಕೆಂಪು ಝಗ್ಗನೆ ಹತ್ತಿತು, ಒತ್ತಿದೆ. ಮಾವನ ಮುಂದೆ ಗತ್ತಿನಿಂದ ಪರದೆ ಹಿಡಿದೆ.

ಜರಿಯಂಚಿನ ಒಂದೊಂದು ಎಳೆ ಎಣಿಸಬಹುದಿತ್ತು. ಅತ್ತೆಯ ಮುಖ ಮಂಜಿನಲ್ಲಿತ್ತು.

ಮತ್ತೆ ತೆಗೆದೆ. ಮತ್ತೆ ಅಂಚು. ಹೊಳೆಯುವ ಗೆರೆ ಎಲ್ಲಿದೆಯೋ ಕೆಂಪು ಅಲ್ಲಿಗೇ ಓಡುತ್ತಿತ್ತು. ಮುದಿ ಕೆನ್ನೆಯ ಮೇಲೆ ಅದಕ್ಕೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಮಾವ ಎಡಗಣ್ಣನ್ನು ಪರದೆಗೆ ತಂದು ನೋಡಿದರು. ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು.

"ಏನಪ್ಪಾ ಪೇಪರ್ರೋನೇ! ಮೀಟರ್‌ಗೆ ಎಷ್ಟು?"

"ಇದು ಕ್ಯಾಮೆರಾದ ತಪ್ಪು, ಮಾವ."

"ತಪ್ಪಲ್ಲ ಕಣೋ, ಬುದ್ಧಿ ಐತೆ ಅದ್ಕೆ. ಎಲ್ ನೋಡ್ಬೇಕೋ ಅಲ್ಲೇ ನೋಡ್ತದೆ."

ಅತ್ತೆ ಕುರ್ಚಿಯಿಂದಲೇ, "ಇಬ್ರೂ ಸೇರ್ಕೊಂಡ್ ಅದ್ನೇ ತೆಗೀರಿ, ನಾನ್ ಸೀರೆ ಬಿಚ್ಚಿ ಕುರ್ಚಿ ಮೇಲ್ ಹಾಕ್ ಹೋಗ್ತೀನಿ. ಅಡ್ಗೆನಾದ್ರೂ ಆಯ್ತದೆ," ಎಂದರು.

ಕೊನೆಗೆ ಆ ಕೆಂಪು ಗೆರೆಯ ಸಹಾಯವನ್ನು ನಿಲ್ಲಿಸಿ, ಚಿತ್ರವನ್ನು ಹಿಗ್ಗಿಸಿ ತೋರಿಸುವ ಗುಂಡಿ ಒತ್ತಿ ಕ್ಯಾಮೆರಾವನ್ನು ಮಾವನ ಕೈಗೆ ಕೊಟ್ಟೆ. ಈಗ ಪರದೆಯ ತುಂಬ ಅತ್ತೆಯ ಒಂದು ಕಣ್ಣು, ಹುಬ್ಬು, ಕುಂಕುಮದ ಅರ್ಧ. ಅಷ್ಟೇ. ಮಾವನ ಎಡಗೈ ಉಂಗುರದ ಮೇಲೆ ಹೋಗಿ ಕೂತ ರೀತಿ ಮಾತ್ರ ಹಳೆಯದೇ. ನೋಡಬೇಕಾಗಿರಲಿಲ್ಲ, ಬೆರಳಿಗೆ ಗೊತ್ತಿತ್ತು. ತಿರುಗಿಸಿದರು. ಹುಬ್ಬು ಕರಗಿತು, ಮೂಡಿತು, ಮತ್ತೆ ಕರಗಿತು. ದಾಟಿ ಹೋಗಿ ವಾಪಸ್ ಬಂದರು. ಆಮೇಲೆ ಕೈ ನಿಂತಿತು.

"ಲೇ, ಹುಬ್ಬಿನ್ ಹತ್ರ ಅದೇನೇ ಗುರ್ತು?"

"ಯಾವ್ದು?"

"ಬಿಳೀದು. ಗೀರು."

"ಲಾಳಿ ಹಾರ್ ಬಂದು ಬಡೀತಲ್ರೀ, ಶೋಭಾ ಹೊಟ್ಟೇಲಿದ್ದಾಗ. ನೀವೇ ಅರಿಶಿನ ಒತ್ತಿದ್ರಿ."

ಲಾಳಿ ಎಂದರೆ ಮಗ್ಗದಲ್ಲಿ ಆಚೆಯಿಂದೀಚೆಗೆ ಓಡುವ, ಚೂಪು ಮೂತಿಯ ಮರದ ತುಂಡು. ಅಪರೂಪಕ್ಕೆ ಮಗ್ಗ ಬಿಟ್ಟು ಹಾರುತ್ತದೆ.

"ಮಾಯ್ದೋಗಿತ್ತಲ್ಲ," ಎಂದರು ಮಾವ.

"ಮಾಯ್ತು. ಗುರ್ತು ಎಲ್ಲೋಯ್ತದೆ?"

ಮಾವ ಪರದೆಯಿಂದ ತಲೆ ಎತ್ತಿ ಅತ್ತೆಯನ್ನು ನೋಡಿದರು. ಅಷ್ಟು ದೂರದಿಂದ ಎಡಗಣ್ಣಿಗೆ ಅದು ಕಾಣುವಂತಿರಲಿಲ್ಲ. ಮತ್ತೆ ಪರದೆಗೆ ಬಗ್ಗಿದರು. ಅಲ್ಲಿ ಅದು ಹೆಬ್ಬೆರಳುದ್ದ ಇತ್ತು. ಕ್ಲಿಕ್ ಮಾಡುವುದನ್ನು ಮರೆತು ಅವರು ನೋಡುತ್ತಲೇ ಇದ್ದರು.

ಅಷ್ಟರಲ್ಲಿ ಕರೆಂಟ್ ಬಂತು.

ಒಂದು ಮಗ್ಗ ಕೆಮ್ಮಿತು, ಇನ್ನೊಂದು ಸೇರಿತು, ನೆಲ ನಡುಗತೊಡಗಿತು. ಪರದೆಯ ಮೇಲೆ ಹಿಗ್ಗಿದ್ದ ಹುಬ್ಬು ಕುದಿಯುವ ನೀರಿನಂತೆ ಅಲುಗಿತು. ಅತ್ತೆ ಅಭ್ಯಾಸದಂತೆ ಸೆರಗು ಸರಿ ಮಾಡಿಕೊಂಡು ಏಳಲು ಕುರ್ಚಿಯ ಕೈ ಹಿಡಿದರು. ಕರೆಂಟ್ ಬಂದಮೇಲೆ ಫೋಟೋ ಮುಗಿಯಿತು ಎಂದೇ ಆ ಮನೆಯ ಲೆಕ್ಕ. ಮುಖದ ಮೇಲೆ ಬೇಸರವೇನೂ ಇರಲಿಲ್ಲ.

"ಮಂಜಾ!" ಮಾವ ಕೂಗಿದರು. "ಮಗ್ಗ ನಿಲ್ಸೋ!"

ಒಳಗಿನಿಂದ ಮಂಜ ಸದ್ದಿನ ಮೇಲೆ ಸದ್ದಾಗಿ ಕೂಗಿದ. "ಅಪ್ಪಾ, ಕರೆಂಟ್ ಬಂತು! ಕರೆಂಟ್ ಐತೆ!"

"ಗೊತ್ತು ಕಣ್ಲಾ. ಎಲ್ಲಾ ನಿಲ್ಸು."

ಒಂದೊಂದಾಗಿ ನಿಂತವು. ಕೊನೆಯದು ನಿಂತಾಗ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಬಲ್ಬು ಉರಿಯುತ್ತಿತ್ತು, ಮಗ್ಗದ ಮನೆ ಮಾತ್ರ ನಿಶ್ಶಬ್ದ. ಹಾಗೊಂದು ಹೊತ್ತನ್ನು ಆ ಮನೆಯಲ್ಲಿ ನಾನು ಕಂಡಿರಲಿಲ್ಲ. ಅತ್ತೆ ಅರ್ಧ ಎದ್ದವರು ಹಾಗೇ ಕೂತು, ಮಗ್ಗದ ಮನೆಯ ಬಾಗಿಲನ್ನು ನೋಡಿದರು, ಬಲ್ಬನ್ನು ನೋಡಿದರು, ಆಮೇಲೆ ಮಾವನ ಕಡೆಗೆ ತಿರುಗಿದರು.

"ಹಂಗೇ ಇರು," ಎಂದರು ಮಾವ.

ಕ್ಲಿಕ್.

ಆ ಫೋಟೋದಲ್ಲಿರುವುದು ಆಗಿನ ಮುಖ. ಹುಬ್ಬಿನ ಗೀರು ಇದೆ, ಕಣ್ಣಿನ ಸುತ್ತಲ ಗೆರೆಗಳಿವೆ. ದುಂಡು ಮೂಗು ತಕ್ಕಮಟ್ಟಿಗೆ ಇದೆ. ಬಾಯಿ ಏನೋ ಕೇಳಲು ಹೊರಟು ನಿಂತಂತಿದೆ. ಪುಟಕ್ಕೆ ಫೋಟೋ ತೆಗೆಯುವುದೇ ಕಸುಬಾದ ನಾನು ಅದಕ್ಕೆ ಅಡಿಬರಹ ಬರೆಯಲು ಕೂತು, ಸೋತು ಬಿಟ್ಟಿದ್ದೇನೆ.

ಅತ್ತೆ ಕನ್ನಡಕ ಹಾಕಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು. ನಾವಿಬ್ಬರೂ ಕಾದೆವು.

"ಅಯ್ಯೋ, ಸೆರಗೆಲ್ಲ ಮಸ್ಕಾಗೋಗೈತಲ್ರೀ! ಎಷ್ಟ್ ಚೆನ್ನಾಗಿರೋ ಬಾರ್ಡರ್ರು!"

"ಬಾರ್ಡರ್‌ದು ಬೇಕಾದಷ್ಟೈತೆ, ಸುಮ್ನಿರೇ," ಎಂದರು ಮಾವ. ಆಮೇಲೆ ಮಗ್ಗದ ಮನೆಯ ಕಡೆಗೆ, "ಇನ್ನ್ ಹಾಕ್ಕೊಳ್ಲಾ!" ಎಂದು ಕೂಗಿದರು. ನೆಲ ಮತ್ತೆ ನಡುಗಿತು. ನಾನು ಹೊರಡುವಾಗ ಲೆನ್ಸನ್ನು ಬಿಚ್ಚಿ ಡಬ್ಬಿಗೆ ಹಾಕಲು ಹೋದರೆ, "ನೀನೇ ಇಟ್ಕೊ. ನಂದಾಯ್ತು," ಎಂದರು. ಎಣ್ಣೆ ಬೇಕಾದರೆ ಮಂಜನ ಹತ್ತಿರ ಕೇಳು ಎಂದೂ ಸೇರಿಸಿದರು.

ಕಚೇರಿಗೆ ಬಂದು ಆ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದರೆ, ಫೋಟೋದ ಜೊತೆಗೆ ಕ್ಯಾಮೆರಾ ಬರೆದಿಡುವ ವಿವರಗಳಲ್ಲಿ ಯಾವ ಲೆನ್ಸು ಎಂಬ ಜಾಗ ಖಾಲಿ ಇತ್ತು. ದಾಖಲೆಯ ಪ್ರಕಾರ ನಮ್ಮತ್ತೆಯ ಮುಖವನ್ನು ಲೆನ್ಸೇ ಇಲ್ಲದೆ ತೆಗೆಯಲಾಗಿದೆ. ದಾಖಲೆಯನ್ನು ನಂಬಿಯೇ ಬದುಕಿದವನು ನಾನು. ಆ ಖಾಲಿ ಜಾಗ ನೋಡಿ ಒಬ್ಬನೇ ನಕ್ಕದ್ದಕ್ಕೆ ಸುಮಾ ತಲೆ ಎತ್ತಿ ನೋಡಿದಳು.

ಫೋಟೋಕ್ಕೆ ಚೌಕಟ್ಟು ಹಾಕಿಸಿ ಕೊಟ್ಟೆ. ಅತ್ತೆ ಅದನ್ನು ಪಡಸಾಲೆಯಲ್ಲಿ ತೂಗುಹಾಕಲು ಒಪ್ಪಲಿಲ್ಲ, ಬದುಕಿರುವಾಗಲೇ ಯಾಕೆ ಎಂದು. ಮಾವ ಮಗ್ಗದ ಮನೆಯಲ್ಲಿ, ಸೀರೆಯ ಮಾದರಿಗಳ ಸಾಲಿನಲ್ಲಿ ಮೊಳೆ ಹೊಡೆಸಿದರು. ಮಗ್ಗದ ಅದುರಿಗೆ ಅದು ಸದಾ ಒಂದು ಕಡೆ ವಾಲುತ್ತದೆಯಂತೆ. ಮಾವ ಹೋಗಿ ಬೆರಳಿನಿಂದ ತಡವಿ ನೆಟ್ಟಗೆ ಮಾಡಿ ಬರುತ್ತಾರೆ, ಅದಕ್ಕೆ ಕಣ್ಣು ಬೇಕಾಗಿಲ್ಲ ಎಂದು ಮಂಜ ಹೇಳುತ್ತಾನೆ.

ಮೊನ್ನೆ ಮಧ್ಯಾಹ್ನ ದೇವನಹಳ್ಳಿಯ ಕಚೇರಿಯಲ್ಲಿ ಫ್ಯಾನು ನಿಂತಿತು, ಯುಪಿಎಸ್ ಕೂಗಿಕೊಂಡಿತು. ನನ್ನ ಕೈ ತಾನಾಗಿ ತಲೆ ಬಾಚಲು ಹೋಯಿತು. ಬಾಚಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ಸುಮಾ ಅರ್ಧ ಬರೆದ ವರದಿಯನ್ನು ಬೈಯುತ್ತ ಕಿಟಕಿಯ ಕಡೆಗೆ ಕುರ್ಚಿ ತಿರುಗಿಸಿದಳು. ಕಿಟಕಿಯಿಂದ ಬಂದ ಬೆಳಕು ಅವಳ ಸಿಟ್ಟಿನ ಮೇಲೆ ಚೆನ್ನಾಗಿ ಬಿದ್ದಿತ್ತು. ನಾನು ಚೀಲದ ಜಿಪ್ ಎಳೆದೆ, ಮಲ್ಲಿನ ಬಟ್ಟೆ ಬಿಚ್ಚಿದೆ. ನುಸಿಗುಳಿಗೆ ಕೋಣೆ ತುಂಬಿತು.

"ಸಾರ್, ಈಗ್ಯಾಕ್ ಸಾರ್ ಬೀರು ತೆಗ್ದಿದ್ದು?" ಎಂದಳು ಮೂಗು ಮುಚ್ಚಿ.

"ಕೈ ತೆಗಿಯಮ್ಮ, ಮುಖ ಕಾಣ್ಲಿ. ಹಾಗೇ ಇರು."

"ಫೋಟೋ ಯಾಕೀಗ?"

"ಕರೆಂಟ್ ಹೋಗಿದೆ," ಎಂದೆ.